ಹವಳದ ಟ್ಯಾಂಕಿನಲ್ಲಿ ಕಂದು ಅನಿಮೋನ್‌ಗಳು ಹರಡುತ್ತಿವೆ: ಮೈಲುತುತ್ತ ಹಾಕಬಹುದೇ?

ವಿದ್ಯಾನಗರ, ಹುಬ್ಬಳ್ಳಿ

ನಮಸ್ಕಾರ. ನಮ್ಮ ಪಡಸಾಲೆಯಲ್ಲಿ 200 ಲೀಟರಿನ ಸಮುದ್ರದ ನೀರಿನ ಟ್ಯಾಂಕ್ ಇದೆ. ಕ್ಲೌನ್ ಮೀನಿನ ಒಂದು ಜೋಡಿ, ಒಂದು ಫೈರ್‌ಫಿಶ್, ಒಂದು ಕ್ಲೀನರ್ ಸೀಗಡಿ, ಗಾಜಿನ ಪಾಚಿ ಮೇಯುವ ಕೆಲವು ಟರ್ಬೋ ಬಸವನಹುಳುಗಳು ಇವೆ. ಕಲ್ಲಿನ ಮೇಲೆ ಮಶ್ರೂಮ್, ಜೋವಾಂಥಿಡ್ ಎಂಬ ಹವಳದಂಥ ಮೆದು ಜೀವಿಗಳು ಮತ್ತು ಒಂದು ಲೆದರ್ ಹವಳ. ಉಪ್ಪಿನ ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ, ನೈಟ್ರೇಟ್ 25ರ ಆಸುಪಾಸು. ಮಳೆಗಾಲ ಮುಗಿಯುವವರೆಗೆ ಯಾವ ತೊಂದರೆಯೂ ಇರಲಿಲ್ಲ.

ದಸರೆಯ ಹೊತ್ತಿಗೆ ಒಂದು ಹೊಸ ಜೋವಾಂಥಿಡ್ ಕಲ್ಲು ಬಂದಿತು. ಅದರ ಹಿಂಬದಿಯಿಂದ ಕಂದು ಬಣ್ಣದ, ಅರೆಪಾರದರ್ಶಕವಾದ ಪುಟ್ಟ ಅನಿಮೋನ್‌ಗಳು (ಹೂವಿನಂತೆ ಕಾಣುವ ಕಡಲಜೀವಿಗಳು) ಹೊರಟಿವೆ. ಬೆರಳು ಹತ್ತಿರ ಒಯ್ದರೆ ಸಾಕು, ತಟ್ಟನೆ ಸಂದಿಯೊಳಗೆ ಸೇರಿಕೊಳ್ಳುತ್ತವೆ. ಮೊದಲು ಎರಡೋ ಮೂರೋ ಇದ್ದವು. ಈಗ ಮುಖ್ಯ ಕಲ್ಲಿನಲ್ಲೂ ಫಿಲ್ಟರಿನ ಪೈಪಿನ ಬಾಯಲ್ಲೂ ಕಾಣುತ್ತಿವೆ. ಅವುಗಳ ಎಳೆಗಳು ತಾಗುವ ಕಡೆಯಲ್ಲೆಲ್ಲ ಜೋವಾಂಥಿಡ್‌ಗಳು ಮುಚ್ಚಿಕೊಂಡಿವೆ, ಒಂದು ಮಶ್ರೂಮ್ ಸುರುಟಿಕೊಂಡು ಕಲ್ಲಿನಿಂದ ಕಳಚುವ ಸ್ಥಿತಿಯಲ್ಲಿದೆ. ನಳದ ನೀರು ಬಂದ ರಾತ್ರಿ ಎದ್ದಾಗ ಟಾರ್ಚ್ ಬಿಟ್ಟು ನೋಡಿದೆ. ಮರಳಿನ ಮೇಲೆ ಎರಡೂ ಪಕ್ಕಕ್ಕೆ ಬಿಳಿ ಕೂದಲಿರುವ ನಸುಗೆಂಪು ಹುಳುಗಳು ಹರಿದಾಡುತ್ತಿದ್ದವು. ಅವುಗಳೂ ಇದೇ ಜಾತಿಯ ಪೀಡೆಯೇ?

ಮೀನಿನ ಅಂಗಡಿಯವರು ಒಂದು ಚಿಟಿಕೆ ಮೈಲುತುತ್ತ ಕರಗಿಸಿ ಹಾಕಿ ಎನ್ನುತ್ತಾರೆ. ನನ್ನ ಮೈದುನ ಬ್ಲೇಡಿನಿಂದ ಕೆರೆದು ತೆಗೆಯೋಣ, ಇಲ್ಲವೇ ಆ ಕಲ್ಲನ್ನೇ ಕುದಿಯುವ ನೀರಿನಲ್ಲಿ ಅದ್ದೋಣ ಎನ್ನುತ್ತಾನೆ. ಏನನ್ನೂ ಮಾಡುವ ಮೊದಲು ಕೇಳಿಬಿಡೋಣ ಎಂದು ಬರೆಯುತ್ತಿದ್ದೇನೆ. ಕ್ಲೌನ್ ಜೋಡಿಯನ್ನು ನನ್ನ ಮಗಳು ಮರಿಯಿಂದ ನೋಡಿಕೊಂಡಿದ್ದಾಳೆ. ಅವುಗಳಿಗೆ ಅಪಾಯವಿಲ್ಲದ ದಾರಿ ಬೇಕು.

ಮುಳಗುಂದ ನಾಕಾ, ಗದಗ

ಅಕ್ಕಾ, ಇದು ಐಪ್ಟೇಸಿಯಾ ಎಂಬ ಪೀಡೆ ಅನಿಮೋನ್. ಅನುಮಾನವೇ ಬೇಡ. ನನ್ನ ಟ್ಯಾಂಕಿನಲ್ಲಿ ಹೀಗೆಯೇ ತುಂಬಿಕೊಂಡಾಗ ಕಾಪರ್‌ಬ್ಯಾಂಡ್ ಚಿಟ್ಟೆಮೀನನ್ನು ತಂದು ಬಿಟ್ಟೆ. ಉದ್ದ ಮೂತಿಯನ್ನು ಸಂದಿಯೊಳಗೆ ತೂರಿಸಿ ಒಂದೊಂದನ್ನೇ ಹೆಕ್ಕಿ ತಿಂದಿತು. ನನ್ನದು 600 ಲೀಟರಿನ ಟ್ಯಾಂಕ್. ನೀವೂ ಪ್ರಯತ್ನಿಸಿ.

ಹಾನಗಲ್ ರಸ್ತೆ, ಹಾವೇರಿ

ಉಳಿದದ್ದೆಲ್ಲ ಆಮೇಲೆ. ಮೊದಲು ನಿಮ್ಮ ಮೈದುನನಿಗೆ ಹೇಳಿ: ಜೋವಾಂಥಿಡ್ ಇರುವ ಕಲ್ಲನ್ನು ಕುದಿಸಬಾರದು, ಕುದಿಯುವ ನೀರನ್ನು ಅದರ ಮೇಲೆ ಸುರಿಯಲೂ ಬಾರದು.

ಜೋವಾಂಥಿಡ್ ಮತ್ತು ಅದರ ಹತ್ತಿರದ ಬಂಧು ಪ್ಯಾಲಿಥೋವಾ ಜಾತಿಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ವಿಷವಿರುತ್ತದೆ. ಹವಾಯಿಯ ಪ್ಯಾಲಿಥೋವಾದಿಂದ 1971ರಲ್ಲಿ ಮೊದಲು ಬೇರ್ಪಡಿಸಿದ ಈ ವಸ್ತು ಸಮುದ್ರಜೀವಿಗಳ ಅತ್ಯಂತ ಕಠಿಣ ವಿಷಗಳಲ್ಲಿ ಒಂದು. ಕಲ್ಲನ್ನು ಕುದಿಸಿದರೂ, ಬಿಸಿನೀರು ಹಾಕಿ ಬ್ರಷ್‌ನಿಂದ ಉಜ್ಜಿದರೂ ಅದು ಹಬೆಯೊಂದಿಗೆ ಗಾಳಿಗೆ ಸೇರುತ್ತದೆ. ಅಡುಗೆಮನೆಯಲ್ಲಿ ಇರುವವರೆಲ್ಲರ ಉಸಿರಿನೊಳಗೂ ಹೋಗುತ್ತದೆ. ಬಾಯಲ್ಲಿ ಕಹಿ ಅಥವಾ ಲೋಹದ ರುಚಿ, ಜ್ವರ, ಕೆಮ್ಮು, ಉಸಿರಾಟದ ತೊಂದರೆ ಇದರ ಲಕ್ಷಣಗಳು. ಅಮೆರಿಕದ ಅಲಾಸ್ಕದಲ್ಲಿ 2012ರಿಂದ 2014ರ ನಡುವೆ ಅಂಗಡಿ ಮತ್ತು ಮನೆಗಳಲ್ಲಿ ಜನ ಹೀಗೆ ಅಸ್ವಸ್ಥರಾದ ಪ್ರಕರಣಗಳು ದಾಖಲಾಗಿವೆ. ಮನೆಯಲ್ಲಿ ಮಗು ಇದೆ ಎಂದಿದ್ದೀರಿ. ದಯವಿಟ್ಟು ಆ ಯೋಚನೆಯನ್ನು ಇಂದೇ ಬಿಡಿಸಿ. ಜೋವಾಂಥಿಡ್ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಬೆರಳಿನಲ್ಲಿ ಗಾಯವಿದ್ದರೆ ಆ ದಿನ ಟ್ಯಾಂಕಿಗೆ ಕೈ ಹಾಕಬೇಡಿ.

ಸಾಧನಕೇರಿ, ಧಾರವಾಡ

ತಂಗೀ, ಹಾವೇರಿಯವರು ಹೇಳಿದ ಮಾತನ್ನು ಗೋಡೆಗೆ ಅಂಟಿಸಿಕೊಳ್ಳಿ. ಉಳಿದದ್ದನ್ನು ನಾನು ಸಾವಕಾಶವಾಗಿ ಬರೆಯುತ್ತೇನೆ. ಓದುವವರೆಗೆ ಟ್ಯಾಂಕಿಗೆ ಏನನ್ನೂ ಹಾಕಬೇಡಿ.

ನನ್ನ ಉದ್ಯೋಗವೆಲ್ಲ ಸಸ್ಯಸಂರಕ್ಷಣೆಯಲ್ಲೇ ಕಳೆಯಿತು. ಬ್ಯಾಡಗಿ ಮೆಣಸಿನಕಾಯಿಯ ಹೊಲ, ಹಾನಗಲ್ಲಿನ ಅಡಿಕೆ ತೋಟ, ನವಲಗುಂದದ ಕಡಲೆ ಹೊಲ ಇವುಗಳಲ್ಲಿ ಓಡಾಡಿದವನು ನಾನು. ಮೆಣಸಿನ ಎಲೆ ಮುರುಟಿಕೊಂಡಿತೆಂದರೆ ರೈತ ಅಂಗಡಿಗೆ ಹೋಗಿ ಯಾವುದೋ ಔಷಧಿ ತಂದು ಹೊಡೆಯುತ್ತಿದ್ದ. ಮೇಲಕ್ಕೆ ಮುರುಟಿದರೆ ಅದು ಥ್ರಿಪ್ಸ್ ನುಸಿಯ ಕೆಲಸ, ಕೆಳಕ್ಕೆ ಮುರುಟಿದರೆ ಮೈಟ್ ನುಸಿಯದು. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ, ಮಧ್ಯೆ ಸಾಯುವುದು ಆ ನುಸಿಗಳನ್ನು ತಿಂದು ಬದುಕುವ ಒಳ್ಳೆಯ ಕೀಟಗಳು. ಮನೆಗೆ ಸಮುದ್ರದ ಟ್ಯಾಂಕ್ ಬಂದ ಮೇಲೆ ಇಲ್ಲಿಯೂ ಅದನ್ನೇ ಕಂಡಿದ್ದೇನೆ. ಆದ್ದರಿಂದ ಮೊದಲು ಗುರುತು ಹಿಡಿಯೋಣ.

ಉದ್ದನೆಯ ಕಾಂಡ, ಮೇಲೆ ಚಪ್ಪಟೆ ತಟ್ಟೆ, ತಟ್ಟೆಯ ನಡುವೆ ಬಾಯಿ, ಸುತ್ತ ಸಪೂರವಾದ ಚೂಪು ತುದಿಯ ಎಳೆಗಳು ಇದ್ದರೆ ಅದು ಐಪ್ಟೇಸಿಯಾ. ಎಳೆಗಳು ಗಿಡ್ಡವಾಗಿ, ತುದಿ ಗುಂಡಗೆ ಉಬ್ಬಿದ್ದರೆ ಅದು ಮಜಾನೋ. ಅದೂ ಪೀಡೆಯೇ. ಆದರೆ ಗಟ್ಟಿ ಕೊಳವೆಯೊಳಗಿಂದ ಗರಿಯಂಥ ಕಿರೀಟ ಹೊರಬರುತ್ತಿದ್ದು, ನೆರಳು ಬಿದ್ದೊಡನೆ ಒಳಗೆ ಸರಿಯುತ್ತಿದ್ದರೆ ಅದು ಗರಿಹುಳು. ನೀರನ್ನು ಸೋಸಿ ತಿನ್ನುವ ನಿರುಪದ್ರವಿ. ಐಪ್ಟೇಸಿಯಾ ಎಂದು ತಿಳಿದು ಗರಿಹುಳುವನ್ನು ಕೊಲ್ಲುವವರನ್ನು ಬಹಳ ನೋಡಿದ್ದೇನೆ. ನೀವು ಬರೆದ ವಿವರಕ್ಕೆ, ಅದರಲ್ಲೂ ತಾಗಿದ ಹವಳ ಮುಚ್ಚಿಕೊಳ್ಳುತ್ತಿದೆ ಎಂಬುದಕ್ಕೆ, ಐಪ್ಟೇಸಿಯಾವೇ ಹೊಂದುತ್ತದೆ.

ಈಗ ಬ್ಲೇಡಿನ ವಿಷಯ. ಐಪ್ಟೇಸಿಯಾ ತನ್ನ ಪಾದದ ಅಂಚಿನಿಂದ ಚೂರುಗಳನ್ನು ಬಿಟ್ಟು ಮುಂದೆ ಸರಿಯುತ್ತದೆ, ಪ್ರತಿ ಚೂರೂ ಹೊಸ ಅನಿಮೋನ್ ಆಗುತ್ತದೆ. ಅದು ವಂಶ ಬೆಳೆಸುವ ರೀತಿಯೇ ಇದು. ಬ್ಲೇಡಿನಿಂದ ಕೆರೆದರೆ ಆ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ಪೈಪಿನ ಬಾಯಲ್ಲಿ ಇರುವುದನ್ನು ಉಜ್ಜಿದರೆ ಚೂರುಗಳು ನೀರಿನೊಂದಿಗೆ ಟ್ಯಾಂಕಿನ ಮೂಲೆ ಮೂಲೆಗೂ ತಲುಪುತ್ತವೆ. ಪೈಪನ್ನು ಕಳಚಿ ಹೊರಗೆ ತಂದು, ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು ಮರಳಿ ಜೋಡಿಸಿ. ಹೊರಗೆ ತರಬಹುದಾದ ಹಾಗೂ ಜೀವವಿಲ್ಲದ ವಸ್ತುಗಳಿಗೆ ಮಾತ್ರ ಈ ಉಪಾಯ.

ಮೈಲುತುತ್ತದ ಬಗ್ಗೆ ನನಗೆ ಸಿಟ್ಟೇ ಬರುತ್ತದೆ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಮೀನುಗಳ ಬಿಳಿಚುಕ್ಕೆ ರೋಗಕ್ಕೂ ವೆಲ್ವೆಟ್ ರೋಗಕ್ಕೂ ತಾಮ್ರ ನಿಜವಾಗಿಯೂ ಔಷಧಿ. ಆದರೆ ಅದನ್ನು ಬಳಸಬೇಕಾದದ್ದು ಕಲ್ಲು, ಮರಳು, ಹವಳ ಯಾವುದೂ ಇಲ್ಲದ ಪ್ರತ್ಯೇಕ ಟ್ಯಾಂಕಿನಲ್ಲಿ, ಪರೀಕ್ಷಾ ಕಿಟ್‌ನಿಂದ ಪ್ರಮಾಣ ಅಳೆಯುತ್ತ. ಬೆನ್ನುಮೂಳೆಯಿಲ್ಲದ ಜೀವಿಗಳಿಗೆ ತಾಮ್ರ ಅತಿ ಸಣ್ಣ ಪ್ರಮಾಣದಲ್ಲೇ ಮಾರಕ. ನಿಮ್ಮ ಕ್ಲೀನರ್ ಸೀಗಡಿ ಮೊದಲು ಹೋಗುತ್ತದೆ, ಬಸವನಹುಳುಗಳು ಹೋಗುತ್ತವೆ, ಹವಳ ಹೋಗುತ್ತದೆ. ಸುಣ್ಣದ ಅಂಶವೇ ತುಂಬಿರುವ ಕಲ್ಲು ಮತ್ತು ಮರಳು ತಾಮ್ರವನ್ನು ಹೀರಿ ಇಟ್ಟುಕೊಂಡು, ನೀರು ಬದಲಿಸಿದ ಮೇಲೂ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿರುತ್ತವೆ. ಮುಂದೆ ತಂದ ಸೀಗಡಿಗಳೂ ಉಳಿಯುವುದಿಲ್ಲ.

ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಇರುತ್ತದೆ. ಆ ಎರಡರಲ್ಲಿ ನಿಮಗೆ ಬೇಕಾದದ್ದು ಸುಣ್ಣ. ಸುಣ್ಣವೆಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹವಳ ಸಾಕುವವರು ಕ್ಯಾಲ್ಸಿಯಂ ಪೂರೈಸಲು ಬಹುಕಾಲದಿಂದ ಅದರ ತಿಳಿಯನ್ನು ಟ್ಯಾಂಕಿಗೆ ಹನಿಸುತ್ತಾರೆ. ಗಟ್ಟಿಯಾಗಿ ಕಲಸಿದಾಗ ಅದರ ಪಿಎಚ್ 12ನ್ನು ದಾಟುತ್ತದೆ. ಐಪ್ಟೇಸಿಯಾದ ಬಾಯಿಗೆ ಇಟ್ಟರೆ ಮೈಯನ್ನು ಸುಟ್ಟುಬಿಡುತ್ತದೆ. ಅಳತೆ ಮೀರದಿದ್ದರೆ ಉಳಿದ ಸುಣ್ಣ ನೀರಿನಲ್ಲಿ ಕರಗಿ ಹವಳಕ್ಕೇ ಉಪಯೋಗವಾಗುತ್ತದೆ. ಟ್ಯಾಂಕಿನಲ್ಲಿ ವಿಷವಾಗಿ ಉಳಿಯುವುದಿಲ್ಲ ಎಂಬುದೇ ನನಗೆ ಅದರ ಮೇಲಿನ ನಂಬಿಕೆಗೆ ಕಾರಣ.

ಮಾಡುವ ಕ್ರಮ ಹೀಗೆ. ಒಂದು ಚಮಚ ಸುಣ್ಣದ ಪುಡಿಗೆ ಸ್ವಲ್ಪವೇ ಆರ್‌ಒ ನೀರು ಸೇರಿಸಿ, ಸಿರಿಂಜಿನ ದಪ್ಪ ಸೂಜಿಯಲ್ಲಿ ಇಳಿಯುವಷ್ಟು ಗಟ್ಟಿಯಾಗಿ ಕಲಸಿ. ಪಂಪುಗಳನ್ನೆಲ್ಲ ನಿಲ್ಲಿಸಿ, ನೀರು ಅಲುಗಾಡದಂತೆ ಆಗಲಿ. ಸಿರಿಂಜನ್ನು ನಿಧಾನವಾಗಿ, ಪಕ್ಕದಿಂದ ಒಯ್ಯಿರಿ. ಗಾಬರಿಯಾದರೆ ಐಪ್ಟೇಸಿಯಾ ಒಳಗೆ ಸೇರಿಕೊಳ್ಳುತ್ತದೆ, ಆಗ ಕಾಯಬೇಕು. ಅಗಲವಾಗಿ ಬಿಚ್ಚಿಕೊಂಡಿರುವಾಗ ಬಾಯಿಯ ಮೇಲೆ ಒಂದು ಹನಿಯನ್ನು ಇಳಿಬಿಡಿ. ಅದು ಆಹಾರವೆಂದು ಎಳೆದುಕೊಳ್ಳುತ್ತದೆ. ಆಮೇಲೆ ಮುದುಡಿದ ಮೈಯ ಮೇಲೆ ಇನ್ನಷ್ಟು ಸುರಿದು ಸಂದಿಯನ್ನೇ ಮುಚ್ಚಿಬಿಡಿ. ಹದಿನೈದು ಇಪ್ಪತ್ತು ನಿಮಿಷ ಪಂಪು ಹಾಕಬೇಡಿ. ಒಂದೇ ದಿನ ಎಲ್ಲವನ್ನೂ ಮುಗಿಸುವ ಆತುರ ಬೇಡ. 200 ಲೀಟರಿಗೆ ದಿನಕ್ಕೆ ನಾಲ್ಕೈದು ಸಾಕು, ಹೆಚ್ಚಾದರೆ ಟ್ಯಾಂಕಿನ ಪಿಎಚ್ ಏರುತ್ತದೆ. ಪಿಎಚ್ 8.5 ಮುಟ್ಟಿದರೆ ಆ ದಿನಕ್ಕೆ ನಿಲ್ಲಿಸಿ. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು ಎರಡೂ ಬೇಕು, ಮಗಳು ದೂರ ನಿಲ್ಲಲಿ. ಜೋವಾಂಥಿಡ್‌ಗೆ ಒತ್ತಿಕೊಂಡೇ ಬೆಳೆದಿರುವುದಕ್ಕೆ ಸುಣ್ಣ ಬೇಡ, ಹವಳವೂ ಸುಡುತ್ತದೆ. ಅಂಥವನ್ನು ಸೀಗಡಿಗೆ ಬಿಡಿ.

ಪೆಪರ್‌ಮಿಂಟ್ ಸೀಗಡಿ ಐಪ್ಟೇಸಿಯಾವನ್ನು ತಿನ್ನುತ್ತದೆ. ದೊಡ್ಡದನ್ನು ಎಲ್ಲ ಸೀಗಡಿಗಳೂ ಮುಟ್ಟುವುದಿಲ್ಲ, ಆದರೆ ಸಂದಿಯೊಳಗಿನ ಮರಿಗಳನ್ನು ಹುಡುಕಿ ಮುಗಿಸುವುದು ಅದಕ್ಕೇ ಸಾಧ್ಯ. ಆದ್ದರಿಂದ ದೊಡ್ಡವಕ್ಕೆ ಸುಣ್ಣ, ಚಿಕ್ಕವಕ್ಕೆ ಸೀಗಡಿ. ಅದು ರಾತ್ರಿಯ ಜೀವಿ. ಹಗಲು ಕಾಣಲಿಲ್ಲವೆಂದು ಗಾಬರಿಯಾಗಬೇಡಿ.

ಗದಗಿನ ತಮ್ಮನ ಸಲಹೆ ಅವರ 600 ಲೀಟರಿಗೆ ಸರಿಯಾದದ್ದೇ. ಆದರೆ ಕಾಪರ್‌ಬ್ಯಾಂಡ್ ಕೈಗೆ ಬರುವ ಮೀನಲ್ಲ. ಹೊಸ ಜಾಗದಲ್ಲಿ ಎಷ್ಟೋ ಸಲ ಆಹಾರವನ್ನೇ ಮುಟ್ಟದೆ ಸೊರಗಿ ಸಾಯುತ್ತದೆ, ಈಜಾಡಲು ಜಾಗವೂ ಬೇಕು. 200 ಲೀಟರಿನಲ್ಲಿ ಐಪ್ಟೇಸಿಯಾ ಮುಗಿದ ಮರುದಿನದಿಂದ ಅದಕ್ಕೆ ಏನು ತಿನ್ನಿಸುತ್ತೀರಿ? ಒಂದು ಪೀಡೆಯನ್ನು ಕಳೆಯಲು ಒಂದು ಮೀನನ್ನು ಹಸಿವಿಗೆ ಒಪ್ಪಿಸುವುದು ನನಗೆ ಸರಿ ಕಾಣುವುದಿಲ್ಲ. ಬರ್ಗಿಯಾ ಎಂಬ ಪುಟ್ಟ ಕಡಲಗೊಂಡೆಹುಳವೂ ಇದೆ. ಅದು ಐಪ್ಟೇಸಿಯಾವನ್ನು ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ಆದರೆ ನಿಮ್ಮಲ್ಲಿ ಸೀಗಡಿ ಇದೆ, ಅದು ಬರ್ಗಿಯಾವನ್ನೇ ತಿಂದುಬಿಡುವ ಸಂಭವವಿದೆ. ಬೆಲೆಯೂ ಹೆಚ್ಚು. ಬಿಟ್ಟುಬಿಡಿ.

ರಾತ್ರಿಯ ಹುಳುಗಳನ್ನು ನೀವು ಪೀಡೆಗಳ ಸಾಲಿಗೆ ಸೇರಿಸಿದ್ದೀರಿ. ತೆಗೆದುಬಿಡಿ. ನಸುಗೆಂಪು ಮೈ, ಪಕ್ಕದಲ್ಲಿ ಬಿಳಿ ಮುಳ್ಳುಕೂದಲು, ಅವು ಸಾಮಾನ್ಯ ಬ್ರಿಸಲ್ ಹುಳುಗಳು. ಮರಳಿನಲ್ಲಿ ಉಳಿದ ಆಹಾರವನ್ನೂ ಸತ್ತದ್ದನ್ನೂ ತಿಂದು ಕೊಳೆಯದಂತೆ ಕಾಯುವ ಕೆಲಸ ಅವುಗಳದು. ಹವಳ ತಿನ್ನುವ ಬೆಂಕಿಹುಳು ಬೇರೆಯೇ ಜಾತಿ. ಅದು ದಪ್ಪ, ಪ್ರತಿ ಕಟ್ಟಿನಲ್ಲೂ ಬಿಳಿ ಕೂದಲಿನ ಗೊಂಚಲು, ಪಕ್ಕದಲ್ಲಿ ಕೆಂಪು ಕಿವಿರಿನ ಕುಚ್ಚು, ತಲೆಯ ಮೇಲೆ ಮಡಿಕೆ ಮಡಿಕೆಯಾದ ಗಡ್ಡೆ. ಅಂಥದ್ದು ಕಂಡರೆ ಮಾತ್ರ ಇಕ್ಕುಳದಿಂದ ತೆಗೆಯಿರಿ. ಬರಿಗೈಯಿಂದ ಯಾವುದನ್ನೂ ಮುಟ್ಟಬೇಡಿ. ಕೂದಲು ಚುಚ್ಚಿಕೊಂಡರೆ ಉಜ್ಜದೆ ಅಂಟುಪಟ್ಟಿ ಅಂಟಿಸಿ ಎಳೆಯಿರಿ.

ಆದರೆ ಹುಳುಗಳ ಸಂಖ್ಯೆ ಕಣ್ಣಿಗೆ ಹೊಡೆಯುವಷ್ಟು ಏರಿದೆಯೆಂದರೆ ನಿಮ್ಮ ಟ್ಯಾಂಕಿಗೆ ಆಹಾರ ಹೆಚ್ಚಾಗಿ ಬೀಳುತ್ತಿದೆ ಎಂದು ಅರ್ಥ. ನೈಟ್ರೇಟ್ 25 ಎನ್ನುವುದೂ ಅದನ್ನೇ ಹೇಳುತ್ತದೆ. ಐಪ್ಟೇಸಿಯಾ ತೇಲುವ ಆಹಾರದ ತುಣುಕನ್ನು ಹಿಡಿದು ತಿನ್ನುತ್ತದೆ, ತನ್ನ ಮೈಯೊಳಗಿನ ಪಾಚಿಯಿಂದ ಬೆಳಕಿನಲ್ಲೂ ಆಹಾರ ಪಡೆಯುತ್ತದೆ. ಬೆಳಕನ್ನು ನಿಲ್ಲಿಸಲು ಬರುವುದಿಲ್ಲ, ಆಹಾರ ನಿಮ್ಮ ಕೈಯಲ್ಲಿದೆ. ಹೆಪ್ಪುಗಟ್ಟಿದ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿಗಳ ಮೀನಿನ ಆಹಾರ) ಹಾಕುವುದಾದರೆ ಜರಡಿಯಲ್ಲಿ ತೊಳೆದು, ಮೀನುಗಳು ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಮಗಳಿಗೂ ಇದನ್ನು ಪ್ರೀತಿಯಿಂದ ತಿಳಿಸಿ. ಮಕ್ಕಳು ಮೀನು ಹತ್ತಿರ ಬರಲಿ ಎಂದು ಹಾಕುತ್ತಲೇ ಇರುತ್ತಾರೆ.

ನೀರು ಯಾವುದು ಎಂದು ನೀವು ಬರೆದಿಲ್ಲ. ಬೋರ್‌ವೆಲ್ ನೀರಾದರೆ ಖಂಡಿತ ಬೇಡ. ಮಲಪ್ರಭೆಯ ನಳದ ನೀರನ್ನೂ ನೇರವಾಗಿ ಬಳಸಬಾರದು. ಮನೆಯ ಕುಡಿಯುವ ನೀರಿನ ಆರ್‌ಒ ಯಂತ್ರಗಳಲ್ಲಿ ಎಷ್ಟೋ ರುಚಿಗಾಗಿ ಲವಣವನ್ನು ಮರಳಿ ಸೇರಿಸುತ್ತವೆ. ನೀರಿನಲ್ಲಿ ಕರಗಿದ ಲವಣವನ್ನು ತೋರಿಸುವ ಟಿಡಿಎಸ್ ಮೀಟರಿನಲ್ಲಿ ಒಮ್ಮೆ ಅಳೆಯಿರಿ. ಶೂನ್ಯ ತೋರಿಸದಿದ್ದರೆ ಕೊನೆಯಲ್ಲಿ ಉಳಿದ ಲವಣವನ್ನು ಹಿಡಿದಿಡುವ ಒಂದು ಡಿಐ ರಾಳದ ಡಬ್ಬಿ ಜೋಡಿಸಿಕೊಳ್ಳಿ.

ವಿದ್ಯಾನಗರ, ಹುಬ್ಬಳ್ಳಿ

ಕಾಕಾ, ಇಷ್ಟು ಬಿಡಿಸಿ ಬರೆದಿದ್ದಕ್ಕೆ ಮನಃಪೂರ್ವಕ ಧನ್ಯವಾದಗಳು. ಹಾವೇರಿಯ ಸರ್, ನಿಮ್ಮ ಉತ್ತರವನ್ನು ಮೈದುನನಿಗೆ ಓದಿ ಹೇಳಿದೆ. ಪಾತ್ರೆ ಒಲೆಯಿಂದ ಇಳಿಯಿತು.

ನೀರು ಕುಡಿಯುವ ಯಂತ್ರದ್ದೇ. ಮೀಟರ್ 48 ತೋರಿಸುತ್ತಿದೆ. ಪೈಪನ್ನು ವಿನೆಗರಿನಲ್ಲಿ ನೆನೆಸಿದ್ದೇನೆ. ಗರಿಹುಳುವಿನ ಬಗ್ಗೆ ಓದಿದ ಮೇಲೆ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದೆ. ಎಡಗಡೆಯ ಕಲ್ಲಿನಲ್ಲಿ ನಾನು ಐಪ್ಟೇಸಿಯಾ ಎಂದುಕೊಂಡಿದ್ದವುಗಳಲ್ಲಿ ಕೆಲವಕ್ಕೆ ಕೊಳವೆ ಇದೆ! ಉಳಿದವುಗಳಿಗೆ ನೀವು ಹೇಳಿದ ಚಪ್ಪಟೆ ತಟ್ಟೆ ಮತ್ತು ಬಾಯಿ ಸ್ಪಷ್ಟವಾಗಿದೆ.

ಎರಡು ಸಂದೇಹ. ಎಲೆ-ಅಡಿಕೆಯ ಸುಣ್ಣ ಆಗುತ್ತದೆಯೇ? ದುರ್ಗದಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆ. ಇನ್ನೊಂದು, ಅಂಗಡಿಯಲ್ಲಿ ಪೆಪರ್‌ಮಿಂಟ್ ಎಂದು ಕೆಂಪು-ಬಿಳಿ ಪಟ್ಟೆಯ ಸೀಗಡಿಯನ್ನು ತೋರಿಸಿದರು. ಬೆನ್ನು ಗೂನಾಗಿದೆ. ತರಲೇ?

ಮುಳಗುಂದ ನಾಕಾ, ಗದಗ

ಕಾಕಾ ಉತ್ತರಿಸುವ ಮೊದಲು ಒಂದು ಮಾತು ಸೇರಿಸುತ್ತೇನೆ. ಹೊಸ ಜೋವಾಂಥಿಡ್ ಕಲ್ಲಿನೊಂದಿಗೆ ಬೇರೆಯವೂ ಬಂದಿರಬಹುದು. ಗಾಜಿನ ಮೇಲೆ, ನೀರಿನ ಹರಿವು ಕಡಿಮೆ ಇರುವ ಕಡೆ, ತುಕ್ಕಿನ ಬಣ್ಣದ ಅರ್ಧ ಸೆಂಟಿಮೀಟರಿನ ಚಪ್ಪಟೆ ಹುಳು, ಬಾಲದಲ್ಲಿ ಮೂರು ಮೊನೆ ಇರುವುದು ಕಾಣುತ್ತದೆಯೇ ನೋಡಿ. ಅದು ಕೆಂಪು ಪ್ಲನೇರಿಯಾ. ಕಂಡರೆ ಸಪೂರ ಕೊಳವೆಯಿಂದ ಹೀರಿ ಹೊರಗೆ ಹಾಕುತ್ತಲೇ ಇರಿ. ಔಷಧಿ ಇದೆ, ಆದರೆ ಅವು ಸಾವಿರಗಟ್ಟಲೆ ಇರುವಾಗ ಒಮ್ಮೆಲೇ ಕೊಂದರೆ ಸಾಯುವ ಹುಳುಗಳ ಮೈಯಿಂದ ಹೊರಬರುವ ವಿಷಕ್ಕೆ ಮೀನುಗಳೇ ಸಾಯುತ್ತವೆ. ಮೊದಲು ಹೀರಿ ಸಂಖ್ಯೆ ಇಳಿಸಬೇಕು, ಔಷಧಿಯ ಹೊತ್ತಿಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಮತ್ತು ಬದಲಿಸಲು ಉಪ್ಪುನೀರು ಎರಡೂ ಸಿದ್ಧವಿರಬೇಕು.

ಹಾನಗಲ್ ರಸ್ತೆ, ಹಾವೇರಿ

ಪಾತ್ರೆ ಇಳಿಯಿತೆಂದು ಓದಿ ಸಮಾಧಾನವಾಯಿತು.

ಮುಂದೆ ಕಲ್ಲು ತರುವುದಾದರೆ ಸಮುದ್ರದಿಂದ ಕಿತ್ತ ಲೈವ್ ರಾಕ್ (ಜೀವಿಗಳು ನೆಲೆಸಿರುವ ಹವಳದ ಕಲ್ಲು) ಬೇಡ ಎಂದು ನನ್ನ ಕಳಕಳಿಯ ವಿನಂತಿ. ಗಟ್ಟಿ ಹವಳಗಳೆಲ್ಲವೂ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮುರ್ಡೇಶ್ವರದ ಆಚೆ ನೇತ್ರಾಣಿಯಲ್ಲಿ ನಮ್ಮದೇ ಹವಳದ ಬಂಡೆಗಳಿವೆ. ಅವು ಅಲ್ಲಿಯೇ ಇರಲಿ. ಸಿರಾಮಿಕ್ ಅಥವಾ ಸಿಮೆಂಟಿನಿಂದ ಮಾಡಿದ ಒಣ ಕಲ್ಲು ಸಿಗುತ್ತದೆ. ಪಕ್ವವಾಗಲು ತಿಂಗಳುಗಳು ಬೇಕು, ಆದರೆ ಅದರೊಳಗೆ ಐಪ್ಟೇಸಿಯಾ ಅಡಗಿ ಬರುವುದಿಲ್ಲ.

ಸಾಧನಕೇರಿ, ಧಾರವಾಡ

ತಂಗೀ, ಭೂತಗನ್ನಡಿ ಹಿಡಿದಿರಲ್ಲ, ಅರ್ಧ ಕೆಲಸ ಆಯಿತು. ಕೊಳವೆ ಇರುವವನ್ನು ಹಾಗೆಯೇ ಬಿಡಿ.

ಎಲೆ-ಅಡಿಕೆಯ ಸುಣ್ಣ ಬೇಡ. ಮೂಲ ವಸ್ತು ಅದೇ ಆದರೂ ಡಬ್ಬಿಯಲ್ಲಿ ಇನ್ನೇನು ಬೆರೆತಿದೆ ಎಂಬುದು ತಿಳಿಯುವುದಿಲ್ಲ. ಗೋಡೆಗೆ ಬಳಿಯುವುದಂತೂ ಬೇಡವೇ ಬೇಡ. ಕಾಲೇಜುಗಳ ಪ್ರಯೋಗಾಲಯಕ್ಕೆ ಸರಕು ಕೊಡುವ ರಾಸಾಯನಿಕದ ಅಂಗಡಿಯಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂದು ಕೇಳಿ, ಶುದ್ಧತೆಯನ್ನು ಚೀಟಿಯ ಮೇಲೆ ಓದಿ ಕೊಳ್ಳಿ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ತೆರೆದಿಟ್ಟ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಆಮೇಲೆ ಅದು ಏನನ್ನೂ ಸುಡುವುದಿಲ್ಲ. ಸುಣ್ಣ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಬಹಳ ಮಂದಿಯ ಡಬ್ಬಿ ಹಳೆಯದಾಗಿರುತ್ತದೆ.

ಗೂನು ಬೆನ್ನಿನ ಆ ಸೀಗಡಿಯನ್ನು ತರಬೇಡಿ. ಅದು ಕ್ಯಾಮೆಲ್ ಸೀಗಡಿ. ಹಿಂದೂ ಮಹಾಸಾಗರದಲ್ಲೇ ಸಿಗುವುದರಿಂದ ನಮ್ಮ ಅಂಗಡಿಗಳಿಗೆ ಸುಲಭವಾಗಿ ಬರುತ್ತದೆ, ಪೆಪರ್‌ಮಿಂಟ್ ಹೆಸರಿನಲ್ಲಿ ಮಾರಾಟವಾಗುತ್ತದೆ. ಅದು ಐಪ್ಟೇಸಿಯಾವನ್ನು ಬಿಟ್ಟು ನಿಮ್ಮ ಮಶ್ರೂಮ್ ಮತ್ತು ಜೋವಾಂಥಿಡ್‌ಗಳನ್ನೇ ಕೀಳುತ್ತದೆ. ಅದರ ಮೈಮೇಲೆ ಕೆಂಪಿನ ನಡುವೆ ಢಾಳಾದ ಬಿಳಿ ಗೆರೆ ಮತ್ತು ಚುಕ್ಕೆಗಳಿರುತ್ತವೆ, ಮೂತಿಯ ಮುಳ್ಳು ಮೇಲಕ್ಕೆ ಎದ್ದಿರುತ್ತದೆ. ನಿಜವಾದ ಪೆಪರ್‌ಮಿಂಟ್ ಅಟ್ಲಾಂಟಿಕ್ ಕಡೆಯದು. ಮೈ ಅರೆಪಾರದರ್ಶಕ, ಉದ್ದುದ್ದಕ್ಕೆ ಸಪೂರ ಕೆಂಪು ಗೆರೆಗಳು, ಢಾಳಾದ ಬಿಳಿ ಎಲ್ಲಿಯೂ ಇಲ್ಲ. ತರಿಸಿಕೊಡಲು ಅಂಗಡಿಯವರು ಸಮಯ ಕೇಳಿದರೆ ಕೊಡಿ, ಅದು ಬರುವವರೆಗೆ ಸುಣ್ಣದ ಕೆಲಸ ನಡೆಯುತ್ತಿರಲಿ.

ಗದಗಿನ ತಮ್ಮನ ಪ್ಲನೇರಿಯಾ ಮಾತು ಸರಿಯಾಗಿದೆ, ಒಮ್ಮೆ ಗಾಜು ಪರೀಕ್ಷಿಸಿ. ಇನ್ನು ಮುಂದೆ ಬರುವ ಪ್ರತಿ ಹವಳವನ್ನೂ ಹವಳದ ಡಿಪ್ ದ್ರಾವಣದಲ್ಲಿ ಅದ್ದಿ, ಬೇರೆ ಪುಟ್ಟ ಟ್ಯಾಂಕಿನಲ್ಲಿ ಐದಾರು ವಾರ ಇರಿಸಿ. ಡಿಪ್ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಮತ್ತೆ ಅದ್ದಬೇಕು. ಹವಳ ಅಂಟಿಸಿದ ಬಿಲ್ಲೆಯ ಅಡಿಭಾಗವೇ ಐಪ್ಟೇಸಿಯಾದ ಅಡಗುತಾಣ. ಸಾಧ್ಯವಾದರೆ ಕೈಗವಸು ಹಾಕಿಕೊಂಡು ಹವಳವನ್ನು ಬಿಡಿಸಿ ಹೊಸ ಬಿಲ್ಲೆಗೆ ಅಂಟಿಸಿ, ಹಳೆಯದನ್ನು ಎಸೆದುಬಿಡಿ.

ಅಂಗಡಿಗೆ ಸೀಗಡಿ ಬಂದಾಗ ಹಣ ಕೊಡುವ ಮೊದಲು ಪಕ್ಕದಿಂದ ಒಂದು ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.